ಉದ್ಘಾಟನೆ ಆಯ್ತು, ಕ್ಲಬ್ ಎಲ್ಲಿ ಹೋಯ್ತು?

ಪ್ರೌಢಶಾಲೆಯ ಕ್ಲಬ್‌ಗಳ ಬಗ್ಗೆ ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಕೆಲವನ್ನು ಈ ಸಲ ಎತ್ತಿಕೊಂಡಿದ್ದೇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಂದಾಗಿ ಸೇರಿಸಿದ್ದೇವೆ.

ಪ್ರಶ್ನೆ: ನಮ್ಮದು 180 ಮಕ್ಕಳ ಸರ್ಕಾರಿ ಪ್ರೌಢಶಾಲೆ. ಜೂನ್‌ನಲ್ಲಿ ವಿಜ್ಞಾನ, ಗಣಿತ, ಇಕೋ, ಸಾಹಿತ್ಯ, ಕ್ರೀಡೆ ಅಂತ ಐದು ಕ್ಲಬ್ ಉದ್ಘಾಟಿಸಿದೆವು. ದಸರಾ ರಜೆ ಮುಗಿಯುವ ಹೊತ್ತಿಗೆ ಒಂದೂ ಉಳಿಯಲಿಲ್ಲ. ಮಕ್ಕಳಿಗೆ ಆಸಕ್ತಿ ಇಲ್ಲವೋ, ನಮ್ಮ ಏರ್ಪಾಡೇ ಸರಿಯಿಲ್ಲವೋ?
— ಶಿಕ್ಷಕಿ, ಸಿಂಧನೂರು ತಾಲ್ಲೂಕು

ಉತ್ತರ: ಮಕ್ಕಳ ಆಸಕ್ತಿಯ ಮೇಲೆ ಅನುಮಾನ ಬೇಡ ಮೇಡಂ. ಕ್ಲಬ್ ನಿಲ್ಲುವುದು ಬಹುಪಾಲು ಬಸ್ಸಿನ ವೇಳೆ, ಬೀರುವಿನ ಬೀಗ, ಕೈಗೆ ಕೆಲಸವಿಲ್ಲದಿರುವುದು, ಈ ಮೂರರಿಂದ.

ಮೊದಲು ವೇಳೆ. ಸಂಜೆ ಶಾಲೆ ಬಿಟ್ಟ ಮೇಲೆ ಕ್ಲಬ್ ಇಟ್ಟರೆ ಪಕ್ಕದ ಹಳ್ಳಿಯಿಂದ ಬರುವ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ಎರಡನೇ ವಾರಕ್ಕೇ ಉಳಿಯುವುದಿಲ್ಲ. ಬಸ್ ತಪ್ಪಿದರೆ ಕತ್ತಲಾಗುತ್ತದೆ, ಮನೆಯಲ್ಲಿ ಬೈಗುಳ ಬೀಳುತ್ತದೆ. ಹಾಗಾಗಿ ಕ್ಲಬ್ ವೇಳಾಪಟ್ಟಿಯ ಒಳಗೇ ಇರಬೇಕು. ಶನಿವಾರ ಬೆಳಗಿನ ಶಾಲೆಯಲ್ಲಿ ಕೊನೆಯ ಎರಡು ಪೀರಿಯಡ್ ಒಟ್ಟಿಗೆ ಸಿಕ್ಕರೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ನಲವತ್ತು ನಿಮಿಷದ ಒಂದೇ ಪೀರಿಯಡ್ ಸಾಲದು. ಸಾಮಾನು ಹರವಿ ಎತ್ತಿಡುವುದಕ್ಕೇ ಹದಿನೈದು ನಿಮಿಷ ಹೋಗುತ್ತದೆ. ಮುಖ್ಯೋಪಾಧ್ಯಾಯರು ಒಪ್ಪಿದ ಮೇಲೆ ವೇಳಾಪಟ್ಟಿಯ ಹಾಳೆಯಲ್ಲಿ ‘ಕ್ಲಬ್’ ಎಂದು ಬರೆಸಿಯೇ ಬಿಡಿ. ಬರೆಯದ ಪೀರಿಯಡ್ಡನ್ನು ಪೋರ್ಷನ್ ಮುಗಿಯದ ಯಾರಾದರೂ ಕೇಳಿ ಪಡೆಯುತ್ತಾರೆ, ನೀವೂ ಇಲ್ಲ ಅನ್ನಲಾರಿರಿ.

ಇನ್ನು ಬೀಗ. ಕತ್ತರಿ, ಗೋಂದು, ತಂತಿ, ಮಲ್ಟಿಮೀಟರ್ ಎಲ್ಲ ಬೀರುವಿನಲ್ಲಿ, ಬೀಗದ ಕೈ ಒಬ್ಬರ ಹತ್ತಿರ. ಅವರು ತರಬೇತಿಗೆ ಹೋದ ದಿನ ಕ್ಲಬ್ ರದ್ದು. ಹೀಗೆ ಎರಡು ಸಲ ಆದರೆ ಮೂರನೇ ಸಲ ಮಕ್ಕಳು ಕೇಳುವುದನ್ನೇ ಬಿಡುತ್ತಾರೆ. ಕ್ಲಬ್ಬಿಗೆಂದೇ ಒಂದು ತಗಡಿನ ಟ್ರಂಕ್ ಇಡಿ, ಬೀಗದ ಕೈ ಎರಡು ಮಾಡಿಸಿ, ಒಂದು ಕಚೇರಿಯ ಗೋಡೆಯ ಮೊಳೆಗೆ ತೂಗಿರಲಿ. ಮುಚ್ಚಳದ ಒಳಮೈಗೆ ಸಾಮಾನಿನ ಪಟ್ಟಿ ಅಂಟಿಸಿ. ಎತ್ತಿಡುವಾಗ ಎಣಿಸುವ ಕೆಲಸ ಪ್ರತಿವಾರ ಬೇರೆ ಇಬ್ಬರು ಮಕ್ಕಳದು.

ಮೂರನೆಯದೇ ಮುಖ್ಯ. ಹೆಚ್ಚಿನ ಕ್ಲಬ್‌ಗಳಲ್ಲಿ ಒಬ್ಬರು ಮಾತಾಡುತ್ತಾರೆ, ಐವತ್ತು ಜನ ಕೇಳುತ್ತಾರೆ. ಅದು ಇನ್ನೊಂದು ತರಗತಿ ಅಷ್ಟೇ. ಐದು ಕ್ಲಬ್ ಬದಲು ಈ ವರ್ಷ ಎರಡೇ ಮಾಡಿ. ಒಂದೊಂದಕ್ಕೆ 24 ಮಕ್ಕಳು, ನಾಲ್ವರಂತೆ ಆರು ತಂಡ. ಒಬ್ಬರು ಅಳೆಯುವವರು, ಒಬ್ಬರು ಬರೆಯುವವರು, ಒಬ್ಬರು ಸಾಮಾನಿನವರು, ಒಬ್ಬರು ಮುಂದಿನ ವಾರ ಎಲ್ಲರಿಗೂ ಹೇಳುವವರು. ತಿಂಗಳಿಗೊಮ್ಮೆ ಈ ಪಾತ್ರ ಬದಲಾಗಲೇಬೇಕು. ಇಲ್ಲದಿದ್ದರೆ ಹುಡುಗರು ತಂತಿ ಜೋಡಿಸುತ್ತಾರೆ, ಅಂದದ ಅಕ್ಷರದ ಹುಡುಗಿಯರು ವರ್ಷಪೂರ್ತಿ ಬರೆಯುತ್ತಲೇ ಇರುತ್ತಾರೆ. ತಂಡಕ್ಕೊಂದು 200 ಪುಟದ ನೋಟ್‌ಬುಕ್: ದಿನಾಂಕ, ಏನು ಮಾಡಿದೆವು, ಎಷ್ಟು ಅಳತೆ ಬಂತು, ಏನು ಕೆಟ್ಟಿತು. ‘ಏನು ಕೆಟ್ಟಿತು’ ಅನ್ನುವ ಕಾಲಂ ಖಾಲಿ ಬಿಡಲು ಅವಕಾಶ ಕೊಡಬೇಡಿ.

180ರಲ್ಲಿ ಉಳಿದವರ ಗತಿಯೇನು ಎಂದು ನೀವು ಕೇಳಬಹುದು. ಅವರಿಗೆ ಅದೇ ಹೊತ್ತಿನಲ್ಲಿ ಗ್ರಂಥಾಲಯ ಮತ್ತು ಆಟ. ಅರ್ಧವರ್ಷಕ್ಕೆ ತಂಡಗಳು ಬದಲಾಗಲಿ.

ಪ್ರಶ್ನೆ: ನಾನು 9ನೇ ತರಗತಿ. ನನಗೆ ಖಗೋಳ ಅಂದರೆ ತುಂಬಾ ಇಷ್ಟ. ನಮ್ಮ ಶಾಲೆಯಲ್ಲಿ ಟೆಲಿಸ್ಕೋಪ್ ಇಲ್ಲ. ಅದಿಲ್ಲದೆ ಖಗೋಳ ಕ್ಲಬ್ ಮಾಡಬಹುದಾ?
— ವಿದ್ಯಾರ್ಥಿನಿ, ಗಂಗಾವತಿ

ಉತ್ತರ: ಧಾರಾಳವಾಗಿ ಮಾಡಬಹುದು. ರಾತ್ರಿ ಎಲ್ಲರನ್ನೂ ಶಾಲೆಗೆ ಕರೆಸುವುದು ಕಷ್ಟ. ಆದ್ದರಿಂದ ಹಗಲಿನ ನಕ್ಷತ್ರದಿಂದಲೇ ಶುರು ಮಾಡು. ಸೂರ್ಯ ನಿನ್ನ ಶಾಲೆಯ ಅಂಗಳದಲ್ಲೇ ಇದ್ದಾನೆ, ಬೇಕಾಗಿರುವುದು ಒಂದು ಕೋಲು.

ಅರ್ಧ ಇಂಚಿನ ಪಿವಿಸಿ ಪೈಪನ್ನು ನೆಲದಿಂದ ಸರಿಯಾಗಿ 100 ಸೆಂ.ಮೀ. ಎತ್ತರ ಬರುವಂತೆ ನಿಲ್ಲಿಸಬೇಕು. ಬಕೆಟ್‌ನಲ್ಲಿ ಹೂತರೆ ಬಕೆಟ್ಟಿನ ಅಂಚೇ ನೆರಳು ಮಾಡುತ್ತದೆ. ಆದ್ದರಿಂದ ಅಂಗಳದಲ್ಲಿ ಒಂದಡಿ ಗುಂಡಿ ತೋಡಿ ಕಲ್ಲು ಬಡಿದು ನಿಲ್ಲಿಸು. ನೆಟ್ಟಗಿದೆಯೇ ಎಂದು ನೋಡಲು ದಾರಕ್ಕೆ ಒಂದು ನಟ್ ಕಟ್ಟಿ ತೂಗುಗುಂಡಿನ ಹಾಗೆ ಇಳಿಬಿಡು, ಎರಡು ಪಕ್ಕದಿಂದ ನೋಡು. ಕೋಲು 1 ಡಿಗ್ರಿ ವಾಲಿದರೂ ತುದಿ ಪಕ್ಕಕ್ಕೆ 1.7 ಸೆಂ.ಮೀ. ಸರಿದಿರುತ್ತದೆ, ಲೆಕ್ಕವೆಲ್ಲ ಕೆಡುತ್ತದೆ. ಸುತ್ತಲಿನ ನೆಲ ಸಮವಿರಬೇಕು. ತಟ್ಟೆಯಲ್ಲಿ ನೀರು ತುಂಬಿ ಇಟ್ಟರೆ ಓರೆ ಎತ್ತ ಕಡೆ ಅಂತ ಗೊತ್ತಾಗುತ್ತದೆ.

ಬೆಳಿಗ್ಗೆ 10.30ಕ್ಕೆ ನೆರಳಿನ ತುದಿಗೆ ಗುರುತು ಹಾಕಿ, ಕೋಲಿನ ಬುಡವನ್ನು ಕೇಂದ್ರ ಮಾಡಿಕೊಂಡು ಆ ಉದ್ದದ ವೃತ್ತ ಎಳೆ. ಮಧ್ಯಾಹ್ನದವರೆಗೆ ನೆರಳು ಗಿಡ್ಡವಾಗುತ್ತದೆ, ಆಮೇಲೆ ಬೆಳೆದು ಮತ್ತೆ ಅದೇ ವೃತ್ತವನ್ನು ಮುಟ್ಟುತ್ತದೆ. ಆ ಎರಡು ಬಿಂದುಗಳನ್ನು ಸೇರಿಸಿದರೆ ಪೂರ್ವ–ಪಶ್ಚಿಮ. ಅದರ ಮಧ್ಯಬಿಂದುವಿನಿಂದ ಕೋಲಿನ ಬುಡಕ್ಕೆ ಎಳೆದ ಗೆರೆ ಉತ್ತರ–ದಕ್ಷಿಣ. ನಮ್ಮ ಹಳೆಯ ಜ್ಯೋತಿಷ ಗ್ರಂಥಗಳಲ್ಲಿ ಶಂಕು ನೆಟ್ಟು ದಿಕ್ಕು ಕಂಡುಹಿಡಿಯುವ ವಿಧಾನ ಇದೇ. ಮೊಬೈಲಿನ ದಿಕ್ಸೂಚಿಯನ್ನು ನಂಬಬೇಡ. ಕಬ್ಬಿಣದ ಗೇಟು, ಬೆಂಚು ಹತ್ತಿರವಿದ್ದರೆ ಅದು ತಪ್ಪು ತೋರಿಸುತ್ತದೆ.

ಈಗ ಸ್ವಾರಸ್ಯದ ಭಾಗ. ಗಂಗಾವತಿಯಲ್ಲಿ ಡಿಸೆಂಬರ್ 21ರ ಸುಮಾರಿಗೆ ನಡುಹಗಲಿನ ನೆರಳು ಉತ್ತರಕ್ಕೆ ಸುಮಾರು 80 ಸೆಂ.ಮೀ. ಬೀಳುತ್ತದೆ. ಮಾರ್ಚ್ 21ರ ಸುಮಾರಿಗೆ 27–28 ಸೆಂ.ಮೀ. ಜೂನ್ 21ಕ್ಕೆ ನೋಡಿದರೆ ನೆರಳು ದಕ್ಷಿಣಕ್ಕೆ ತಿರುಗಿರುತ್ತದೆ, ಸುಮಾರು 14 ಸೆಂ.ಮೀ. ನಡುವೆ ವರ್ಷಕ್ಕೆ ಎರಡು ದಿನ ನೆರಳೇ ಇರುವುದಿಲ್ಲ. ಒಂದು ಮೇ ಮೊದಲ ವಾರ, ಆಗ ಶಾಲೆಗೆ ರಜೆ. ಇನ್ನೊಂದು ಆಗಸ್ಟ್‌ನಲ್ಲಿ: ರಾಯಚೂರಿಗೆ 7–8ರ ಆಸುಪಾಸು, ಗಂಗಾವತಿ, ಕೊಪ್ಪಳಗಳಿಗೆ 10–11, ಬಳ್ಳಾರಿಗೆ 11–12. ಹೊತ್ತು ಗಡಿಯಾರದ ಹನ್ನೆರಡಲ್ಲ, ನಿಮ್ಮಲ್ಲಿ 12.29ರ ಸುಮಾರು. ಭಾರತದ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಸೂರ್ಯನ ಪ್ರಕಾರ. ನಾವು ಅದಕ್ಕಿಂತ ಪಶ್ಚಿಮಕ್ಕಿದ್ದೇವೆ, ಡಿಗ್ರಿಗೆ ನಾಲ್ಕು ನಿಮಿಷದಂತೆ ನಮ್ಮ ನಡುಹಗಲು ತಡ. ಅದರ ಮೇಲೆ ಆಗಸ್ಟ್‌ನಲ್ಲಿ ಸೂರ್ಯನೇ ಇನ್ನೈದು ನಿಮಿಷ ಹಿಂದಿರುತ್ತಾನೆ. 12.15ರಿಂದ 12.45ರವರೆಗೆ ಎರಡು ನಿಮಿಷಕ್ಕೊಮ್ಮೆ ಗುರುತು ಹಾಕಿ. ಆಗಸ್ಟ್ ಮೋಡದ ತಿಂಗಳು, ಆದ್ದರಿಂದ ಹಿಂದೆ ಮುಂದೆ ಎರಡೆರಡು ದಿನವೂ ಸಿದ್ಧವಾಗಿರಿ. ಒಂದು ದಿನ ತಪ್ಪಿದರೂ ನೆರಳು ಅರ್ಧ ಸೆಂ.ಮೀ. ಅಷ್ಟೇ ಇರುತ್ತದೆ. ಸೂರ್ಯನನ್ನು ಮಾತ್ರ ಯಾರೂ ನೇರ ನೋಡಕೂಡದು. ಕೂಲಿಂಗ್ ಗ್ಲಾಸ್, ಎಕ್ಸ್‌ರೇ ಹಾಳೆ ಯಾವುದೂ ಕಣ್ಣನ್ನು ಕಾಯುವುದಿಲ್ಲ.

ಮುಂದಿನ ವರ್ಷಕ್ಕೊಂದು ಕೆಲಸ: ಬಳ್ಳಾರಿಯ ಒಂದು ಶಾಲೆ, ರಾಯಚೂರಿನ ಒಂದು ಶಾಲೆ ಒಂದೇ ದಿನ ತಂತಮ್ಮ ನಡುಹಗಲಿನ ನೆರಳಳೆದು ಕೋನ ತೆಗೆದರೆ ಭೂಮಿಯ ಸುತ್ತಳತೆ ಸಿಗುತ್ತದೆ. ಎರಡೂರಿನ ನಡುವಿನ ಉತ್ತರ–ದಕ್ಷಿಣ ಅಂತರ ಸುಮಾರು 118 ಕಿ.ಮೀ. (ರಸ್ತೆಯ ದೂರ ತೆಗೆದುಕೊಳ್ಳಬೇಡಿ), ಕೋನದ ವ್ಯತ್ಯಾಸ 1 ಡಿಗ್ರಿಗಿಂತ ತುಸು ಹೆಚ್ಚು. ಇಷ್ಟು ಸಣ್ಣ ಕೋನಕ್ಕೆ 1 ಮೀಟರ್ ಕೋಲು ಸಾಲದು. 2 ಮಿ.ಮೀ. ತಪ್ಪಿದರೆ ಉತ್ತರ ನೂರಕ್ಕೆ ಹತ್ತು ತಪ್ಪುತ್ತದೆ. 2 ಮೀಟರ್ ಕೋಲು ಬೇಕು, ಮೂರು ದಿನ ಅಳೆದು ಸರಾಸರಿ ತೆಗೆಯಬೇಕು.

ಪ್ರಶ್ನೆ: ನನ್ನ ಮಗಳು ಈ ವರ್ಷ ಎಸ್‌ಎಸ್‌ಎಲ್‌ಸಿ. ನಾಟಕ, ವಿಜ್ಞಾನ ಅಂತ ಎರಡು ಕ್ಲಬ್ಬಿನಾಗ ಅದಾಳ. ಓದು ಕೆಡತೈತಿ, ಬಿಡಸ್ರಿ ಅಂತ ಮನ್ಯಾಗ ಎಲ್ಲಾರೂ ಹೇಳಾಕತ್ಯಾರ. ಏನ್ ಮಾಡೂಣ್ರಿ?
— ಪೋಷಕರು, ಮಾನ್ವಿ

ಉತ್ತರ: ಎರಡರಲ್ಲಿ ಒಂದನ್ನು ಆಕೆಯೇ ಆರಿಸಿಕೊಳ್ಳಲಿ, ಇನ್ನೊಂದನ್ನು ಬಿಡಲಿ. ವಾರಕ್ಕೆ ಒಂದೂವರೆ ಗಂಟೆಯಿಂದ ಓದು ಕೆಡುವುದಿಲ್ಲ. ಕೆಡುವುದು ಸ್ಪರ್ಧೆ ಹತ್ತಿರ ಬಂದಾಗ ನಡೆಯುವ ದಿನವಿಡೀ ತಾಲೀಮಿನಿಂದ. ಪ್ರತಿಭಾ ಕಾರಂಜಿಯಲ್ಲಿ ಕ್ಲಸ್ಟರ್, ತಾಲ್ಲೂಕು, ಜಿಲ್ಲೆ ಅಂತ ಗೆದ್ದಷ್ಟೂ ದಿನಗಳು ಹೋಗುತ್ತವೆ. ಆ ದಿನಗಳ ಪಾಠವನ್ನು ಯಾರು ಹೇಳಿಕೊಡುತ್ತಾರೆ ಎಂದು ಶಾಲೆಯಲ್ಲಿ ಮೊದಲೇ ಕೇಳಿರಿ. ಡಿಸೆಂಬರ್ ಮುಗಿದ ಮೇಲೆ ಪರೀಕ್ಷೆಯವರೆಗೆ ಕ್ಲಬ್ ಬೇಡ, ಅದನ್ನು ಆಕೆಗೆ ಈಗಲೇ ಹೇಳಿಟ್ಟರೆ ಆಗ ಜಗಳವಿರುವುದಿಲ್ಲ. ದಿಢೀರನೆ ಬಿಡಿಸುವುದಂತೂ ಬ್ಯಾಡ್ರಿ. ಮಗು ಖುಷಿಯಿಂದ ಹೋಗುವ ಜಾಗ ಅದು.

ಪ್ರಶ್ನೆ: ನಮ್ಮ ರೋಬೋಟಿಕ್ಸ್ ಕ್ಲಬ್ಬಿನ ಗೆರೆ ಹಿಂಬಾಲಿಸುವ ಗಾಡಿ ಲ್ಯಾಬಿನಲ್ಲಿ ಚೆನ್ನಾಗಿ ಓಡಿತು, ವಸ್ತುಪ್ರದರ್ಶನದ ಅಂಗಳದಲ್ಲಿ ದಿಕ್ಕೆಟ್ಟು ತಿರುಗಿತು. ತೋಟಕ್ಕೆ ತಾನೇ ನೀರು ಬಿಡುವ ಮಾದರಿಯಲ್ಲಿ ಮಣ್ಣಿನ ತೇವದ ಸೆನ್ಸರ್ ಮೂರು ವಾರಕ್ಕೇ ಸವೆದುಹೋಯಿತು. ಸಾಮಾನು ಕಳಪೆಯೇ?
— ವಿಜ್ಞಾನ ಶಿಕ್ಷಕರು, ಬಳ್ಳಾರಿ

ಉತ್ತರ: ಸಾಮಾನಿನ ದೋಷ ಅಂತ ಅನಿಸುವುದಿಲ್ಲ. ಗಾಡಿಯ ಕೆಳಗಿನ ಸೆನ್ಸರ್ ಅವಗೆಂಪು ಬೆಳಕು ಬಿಟ್ಟು, ಬಿಳಿಯಿಂದ ವಾಪಸ್ ಬಂದದ್ದನ್ನು ಅಳೆಯುತ್ತದೆ. ಬಳ್ಳಾರಿಯ ಬಿಸಿಲಿನಲ್ಲಿ ಅದೇ ಬೆಳಕು ಬೇಕಾದಷ್ಟಿದೆ, ಆದ್ದರಿಂದ ಕಪ್ಪು ಗೆರೆಯೂ ಅದಕ್ಕೆ ಬಿಳಿಯಾಗಿಯೇ ಕಾಣುತ್ತದೆ. ಸೆನ್ಸರಿನ ಸುತ್ತ ಕಪ್ಪು ರಟ್ಟಿನ ಗಿಡ್ಡ ಲಂಗ ಕಟ್ಟಿ, ನೆಲದಿಂದ 5 ಮಿ.ಮೀ. ಆಸುಪಾಸು ಇರಿಸಿ. ಸೆನ್ಸರ್ ಮೇಲಿನ ಸಣ್ಣ ತಿರುಪನ್ನು ಓಡಿಸುವ ಜಾಗದಲ್ಲೇ, ಓಡಿಸುವ ಹೊತ್ತಿನ ಬೆಳಕಿನಲ್ಲೇ ಹೊಂದಿಸಬೇಕು. ಹೊಳಪಿನ ಇನ್ಸುಲೇಷನ್ ಟೇಪ್ ಗೆರೆಗೆ ಬೇಡ, ಓರೆ ಬೆಳಕಿಗೆ ಅದೂ ಮಿಂಚುತ್ತದೆ. ಹೊಳಪಿಲ್ಲದ ಕಪ್ಪು ಬಣ್ಣವೇ ವಾಸಿ.

ಬ್ಯಾಟರಿಯನ್ನೂ ನೋಡಿ. ಚೌಕಾಕಾರದ 9 ವೋಲ್ಟ್ ಬ್ಯಾಟರಿ ಮೋಟಾರಿಗಲ್ಲ. ಮೋಟಾರ್ ಹೊರಡುವಾಗ ಜಾಸ್ತಿ ಕರೆಂಟ್ ಎಳೆಯುತ್ತದೆ, ಬ್ಯಾಟರಿಯ ವೋಲ್ಟೇಜ್ ಕುಸಿಯುತ್ತದೆ, ಗಾಡಿಯ ಪ್ರೋಗ್ರಾಂ ನಡೆಸುವ ಆರ್ಡುಯಿನೋ ಬೋರ್ಡ್ ರೀಸೆಟ್ ಆಗುತ್ತದೆ. ನೋಡುವವರಿಗೆ ಪ್ರೋಗ್ರಾಂ ತಪ್ಪು ಅನಿಸುತ್ತದೆ. ಮೋಟಾರಿಗೆ ಕರೆಂಟ್ ಹಾಯಿಸುವ ಎಲ್298 ಡ್ರೈವರ್ ತಾನೇ ಸುಮಾರು 2 ವೋಲ್ಟ್ ತಿನ್ನುವುದರಿಂದ ನಾಲ್ಕು ಪೆನ್ಸಿಲ್ ಸೆಲ್ ಹಾಕಿದರೆ ಮೋಟಾರಿಗೆ 4 ವೋಲ್ಟ್ ಉಳಿಯುತ್ತದೆ. ಆರು ಸೆಲ್ ಹಾಕಿ. ಲಿಥಿಯಂ ಸೆಲ್ ಬಳಸುವುದಾದರೆ ಹೋಲ್ಡರ್, ಅದಕ್ಕೇ ಆದ ಚಾರ್ಜರ್ ಇಲ್ಲದೆ ಮಕ್ಕಳ ಕೈಗೆ ಕೊಡಬೇಡಿ. ಎರಡು ತುದಿ ತಾಗಿದರೆ ಬೆಂಕಿಯೇ. ಬ್ಯಾಟರಿ, ಡ್ರೈವರ್, ಬೋರ್ಡ್ ಮೂರರ ಗ್ರೌಂಡ್ (ಮೈನಸ್ ತಂತಿ) ಒಂದಾಗಿ ಸೇರಿದೆಯೇ ಎನ್ನುವುದನ್ನು ಮೊದಲು ನೋಡಿ. ಗಾಡಿ ಹುಚ್ಚುಚ್ಚಾಗಿ ಆಡುವುದಕ್ಕೆ ಬಿಟ್ಟುಹೋದ ಆ ಒಂದು ತಂತಿಯೇ ಎಷ್ಟೋ ಸಲ ಕಾರಣ.

ತೇವದ ಸೆನ್ಸರ್ ಸವೆದದ್ದು ನಿಮ್ಮ ರಸಾಯನಶಾಸ್ತ್ರದ ಪಾಠವೇ. ಎರಡು ಹಲ್ಲುಗಳ ನಡುವೆ ಹಸಿ ಮಣ್ಣಿನಲ್ಲಿ ಸದಾ ಕರೆಂಟ್ ಹರಿದರೆ ವಿದ್ಯುದ್ವಿಭಜನೆ ನಡೆದು ಒಂದು ಹಲ್ಲಿನ ತಾಮ್ರ ಕರಗಿಹೋಗುತ್ತದೆ. ಸೆನ್ಸರಿಗೆ 5 ವೋಲ್ಟನ್ನು ನೇರ ಕೊಡದೆ ಒಂದು ಡಿಜಿಟಲ್ ಪಿನ್ನಿನಿಂದ ಕೊಡಿ. ದಿನಕ್ಕೆ ಮೂರು ಸಲ, ಓದುವ ಕ್ಷಣ ಮಾತ್ರ ಆನ್ ಆಗಲಿ. ಅಥವಾ ಕೆಪಾಸಿಟಿವ್ ಸೆನ್ಸರ್ ತನ್ನಿ. ಅದರ ಲೋಹ ಮಣ್ಣಿಗೆ ತಾಗುವುದಿಲ್ಲ, ಆದರೆ ಮೇಲ್ಭಾಗದ ಬಿಡಿಭಾಗಗಳಿಗೂ ಅಂಚಿಗೂ ಉಗುರುಬಣ್ಣ ಎರಡು ಸಲ ಬಳಿದು ಒಣಗಿಸಿ. ಇನ್ನೊಂದು ಮಾತು: ನಮ್ಮ ಎರೆಮಣ್ಣು ಒಣಗಿದಾಗ ಬಿರುಕು ಬಿಟ್ಟು ಸೆನ್ಸರಿನಿಂದ ದೂರ ಸರಿಯುತ್ತದೆ. ನಡುವೆ ಗಾಳಿ ಸೇರಿದ್ದನ್ನು ಅದು ‘ಪೂರಾ ಒಣಗಿದೆ’ ಎಂದು ಓದಿ ಪಂಪು ಬಿಡುತ್ತಲೇ ಇರುತ್ತದೆ. ಪ್ರೋಗ್ರಾಂನಲ್ಲಿ ಪಂಪಿಗೆ ಸಮಯದ ಮಿತಿ ಹಾಕಿ.

ಪ್ರಶ್ನೆ: ಇಕೋ ಕ್ಲಬ್ಬಿನಿಂದ ಪ್ರತಿ ಜೂನ್ ನೂರು ಸಸಿ ನೆಡುತ್ತೇವೆ. ಮರುವರ್ಷ ಹತ್ತೂ ಇರುವುದಿಲ್ಲ.
— ಎಸ್‌ಡಿಎಂಸಿ ಸದಸ್ಯರು, ಕುಷ್ಟಗಿ ತಾಲ್ಲೂಕು

ಉತ್ತರ: ಸಸಿ ನೆಟ್ಟಿದ್ದು ಜೂನ್‌ನಲ್ಲಾದರೂ ಲೆಕ್ಕ ಹಾಕಬೇಕಾದದ್ದು ಏಪ್ರಿಲ್ ತಿಂಗಳಿನ ನೀರನ್ನು. ಗಿಡವೊಂದಕ್ಕೆ ವಾರಕ್ಕೆ ಎರಡು ಸಲ 10 ಲೀಟರ್ ಅಂದರೆ ಇಪ್ಪತ್ತು ಗಿಡಕ್ಕೆ ವಾರಕ್ಕೆ 400 ಲೀಟರ್. ನೂರಕ್ಕೆ 2,000. ಶಾಲೆಗೆ ಬೀಗ ಬಿದ್ದಾಗ ಅಷ್ಟು ನೀರು ಹೊರುವವರು ಯಾರು? ಇಪ್ಪತ್ತೇ ನೆಡಿ. ಬೇವು, ಹೊಂಗೆ, ಹುಣಸೆ ನಮ್ಮ ಬಿಸಿಲಿಗೆ ಹೊಂದಿದವು.

ಮೂರ್ನಾಲ್ಕು ಅಡಿ ಬೆಳೆದ ಸಸಿ ಆರಿಸಿ. ಚೀಲದ ತಳದಲ್ಲಿ ಬೇರು ಸುರುಳಿ ಸುತ್ತಿದ್ದರೆ ಆ ಸುರುಳಿಯನ್ನು ಬ್ಲೇಡಿನಿಂದ ಕತ್ತರಿಸಿ ನೆಡಿ, ಇಲ್ಲದಿದ್ದರೆ ಬೇರು ಅಲ್ಲೇ ಸುತ್ತಿಕೊಂಡು ಗಿಡ ಎರಡು ವರ್ಷಕ್ಕೆ ವಾಲುತ್ತದೆ. ಗುಂಡಿ ಒಂದೂವರೆ ಅಡಿ ಉದ್ದ, ಅಗಲ, ಆಳ. ಮೇಲ್ಮಣ್ಣು, ಎರಡು ಬುಟ್ಟಿ ಕೊಟ್ಟಿಗೆ ಗೊಬ್ಬರ, ಗೆದ್ದಲಿಗೆ ಎರಡು ಹಿಡಿ ಬೇವಿನ ಹಿಂಡಿ. ಎರೆಭೂಮಿಯಾದರೆ ಬುಡ ತುಸು ದಿಬ್ಬವಾಗಿರಲಿ, ಮಳೆಗಾಲದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ಬೇಸಿಗೆಯಲ್ಲಿ ಬಿರುಕು ಬೇರನ್ನು ಹರಿಯದಂತೆ ಹುಲ್ಲು, ಎಲೆ ನಾಲ್ಕು ಇಂಚು ಹೊದಿಸಿ. ಕೆಂಪು ಗರಸು ನೆಲವಾದರೆ ತಿರುವುಮುರುವು: ತಗ್ಗಿನಲ್ಲಿ ನೆಟ್ಟು ಸುತ್ತ ಬದು ಹಾಕಿ.

ಕಾಂಡದಿಂದ ಒಂದಡಿ ದೂರದಲ್ಲಿ ಐದಾರು ಲೀಟರಿನ ಮಣ್ಣಿನ ಗಡಿಗೆಯನ್ನು ಕಂಠದವರೆಗೆ ಹೂತು, ತುಂಬಿ ಮುಚ್ಚಳ ಮುಚ್ಚಿ. ಒಳಗೆ ಹೊರಗೆ ಬಣ್ಣ ಬಳಿದ ಗಡಿಗೆ ಬೇಡ, ಅದು ಜಿನುಗುವುದಿಲ್ಲ. ನಾಲ್ಕೈದು ದಿನಕ್ಕೊಮ್ಮೆ ತುಂಬಿದರೆ ಸಾಕು. ಬಿಸಿಯೂಟದ ತಟ್ಟೆ ಮೊದಲು ತೊಳೆದ, ಸೋಪು ಹಾಕದ ನೀರನ್ನು ಬಟ್ಟೆಯಲ್ಲಿ ಸೋಸಿ ಬುಡಕ್ಕೆ ಬಿಡಬಹುದು. ಅನ್ನದ ಅಗುಳು ಉಳಿದರೆ ಇಲಿ ಬರುತ್ತವೆ. ಆಡು ತಡೆಯಲು ಬಳ್ಳಾರಿ ಜಾಲಿಯ ಮುಳ್ಳು ಎಲ್ಲೆಡೆ ಸಿಗುತ್ತದೆ. ಕಾಯಿ ಇರುವ ಕೊಂಬೆ ಮಾತ್ರ ತರಬೇಡಿ, ಮರುವರ್ಷ ಅಂಗಳದ ತುಂಬಾ ಜಾಲಿಯೇ ಏಳುತ್ತದೆ. ರಜೆಯಲ್ಲಿ ನೀರು ಹಾಕುವ ಪಾಳಿಯನ್ನು ತರಗತಿವಾರು ಹಂಚದೆ ಓಣಿವಾರು ಹಂಚಿ. ಒಂದೇ ಓಣಿಯ ಇಬ್ಬರು ಕೂಡಿ ಬರುತ್ತಾರೆ.

ಪ್ರಶ್ನೆ: ಇತಿಹಾಸ ಕ್ಲಬ್ಬಿನ ಮಕ್ಕಳನ್ನು ಅಶೋಕನ ಬಂಡೆಶಾಸನ ತೋರಿಸಲು ಮಸ್ಕಿಗೆ ಕರೆದೊಯ್ಯಬೇಕು. ಅಕ್ಷರ ಕಾಣಲು ಸೀಮೆಸುಣ್ಣ ತುಂಬಿಸಿ ನಕಲು ಮಾಡಬಹುದೇ?
— ಶಿಕ್ಷಕರು, ಲಿಂಗಸುಗೂರು

ಉತ್ತರ: ಖಂಡಿತ ಬೇಡ. ಸೀಮೆಸುಣ್ಣ, ಎಣ್ಣೆ, ಕುಂಕುಮ, ನೀರು ಯಾವುದೂ ಶಾಸನಕ್ಕೆ ತಾಗಬಾರದು. ತುಂಬಿಸಿದ ಸುಣ್ಣ ಬಂಡೆಯ ಸೂಕ್ಷ್ಮ ಸೀಳುಗಳಲ್ಲಿ ಉಳಿಯುತ್ತದೆ. ಜೊತೆಗೆ ನಮಗೆ ತಿಳಿದಂತೆ ಗೆರೆ ತಿದ್ದುತ್ತೇವೆ, ಇಲ್ಲದ ಅಕ್ಷರ ಹುಟ್ಟುತ್ತದೆ. ಇದು ಸಂರಕ್ಷಿತ ಸ್ಮಾರಕ, ಹಾನಿ ಮಾಡಿದರೆ 1958ರ ಕಾಯ್ದೆಯಡಿ ಅಪರಾಧ. ಕಾಗದ ಒತ್ತಿ ಅಚ್ಚು ತೆಗೆಯುವುದು ಶಾಸನತಜ್ಞರ ಕೆಲಸ.

ಮಕ್ಕಳಿಗೆ ಉಳಿದಿರುವ ದಾರಿ ಓರೆ ಬೆಳಕು. ಟಾರ್ಚನ್ನು ಬಂಡೆಯ ಮೈಗೆ ತಾಗುವಷ್ಟು ಓರೆಯಾಗಿ, ಎಡದಿಂದ ಹಿಡಿದರೆ ಕೊರೆದ ಗೆರೆಯಲ್ಲಿ ನೆರಳು ತುಂಬಿ ಅಕ್ಷರ ಎದ್ದು ಕಾಣುತ್ತದೆ. ಬಲದಿಂದ, ಮೇಲಿನಿಂದ ಹಿಡಿದು ಇನ್ನೆರಡು ಫೋಟೋ ತೆಗೆಯಿರಿ. ಒಂದು ಕಡೆಯಿಂದ ಮರೆಯಾದ ಗೆರೆ ಇನ್ನೊಂದರಲ್ಲಿ ಸಿಗುತ್ತದೆ. ಪಕ್ಕದಲ್ಲಿ ಅಳತೆಪಟ್ಟಿ ಹಿಡಿದಿರಲಿ, ಕ್ಯಾಮರಾ ಬಂಡೆಗೆ ನೇರ ಎದುರಾಗಿರಲಿ. ನಡುಹಗಲಿನ ನೇರ ಬಿಸಿಲಿನಲ್ಲಿ ಏನೂ ಕಾಣುವುದಿಲ್ಲ.

ಹೋಗುವ ಮೊದಲು ಎರಡು ವಾರ ಶಾಸನದ ಲಿಪಿಯಾದ ಬ್ರಾಹ್ಮಿಯ ಐದೇ ಅಕ್ಷರ ಕಲಿಸಿ: ಅ, ಸೊ, ಕ, ಸ, ದೇ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಈ ಶಾಸನವನ್ನು ಬೆಳಕಿಗೆ ತಂದಾಗ ವಿದ್ವಾಂಸರು ಬೆರಗಾದದ್ದು ಇದರಲ್ಲಿದ್ದ ‘ಅಸೋಕ’ ಎಂಬ ಹೆಸರಿಗೆ. ಅಲ್ಲಿಯವರೆಗೆ ಸಿಕ್ಕ ಶಾಸನಗಳಲ್ಲಿ ‘ದೇವಾನಾಂಪಿಯ’ ಎಂಬ ಬಿರುದು ಇತ್ತೇ ಹೊರತು ಆ ಹೆಸರಿರಲಿಲ್ಲ. ಈ ಐದು ಅಕ್ಷರ ಗೊತ್ತಿರುವ ಮಗು ಬಂಡೆಯ ಮುಂದೆ ನಿಂತು ಹೆಸರನ್ನು ತಾನೇ ಹುಡುಕಲಿ, ನೀವು ಬೆರಳು ತೋರಿಸಬೇಡಿ. ಮಸ್ಕಿ ಒಂದರಲ್ಲೇ ಈ ಹೆಸರಿದೆ ಎಂದು ಈಗಲೂ ಹೇಳುವವರಿದ್ದಾರೆ, ತಿದ್ದಿ: ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉದೇಗೋಳದ ಶಾಸನಗಳಲ್ಲೂ ಇದೆ. ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳಲ್ಲೂ ಅಶೋಕನ ಶಾಸನಗಳಿರುವುದರಿಂದ ಮೂರೂ ಜಿಲ್ಲೆಯ ಶಾಲೆಗಳಿಗೆ ಒಂದೊಂದು ಹತ್ತಿರವೇ ಆಗುತ್ತದೆ.

ಪ್ರಶ್ನೆ: ತೊಗಲು ಗೊಂಬೆಯಾಟವನ್ನು ಶಾಲೆಯಲ್ಲಿ ಕಲಿಸಬೇಕೆಂದಿದ್ದೇವೆ. ತೊಗಲಿಲ್ಲದೆ ಆಗುತ್ತದೆಯೇ? ಪರದೆಯ ಮೇಲೆ ನಮ್ಮ ಗೊಂಬೆ ಮಸುಕಾಗಿ, ಎರಡೆರಡಾಗಿ ಕಾಣುತ್ತದೆ.
— ಚಿತ್ರಕಲಾ ಶಿಕ್ಷಕರು, ಕೊಪ್ಪಳ

ಉತ್ತರ: ಎರಡೆರಡಾಗಿ ಕಾಣುವುದಕ್ಕೆ ನಿಮ್ಮ ದೀಪವೇ ಕಾರಣ. ಎರಡು ಬಲ್ಬ್ ಇದ್ದರೆ ಎರಡು ನೆರಳು. ಹಲವು ಎಲ್‌ಇಡಿ ಚುಕ್ಕೆಗಳ ಪಟ್ಟಿಯಾದರೆ ಚುಕ್ಕೆಗೊಂದು. ಒಂದೇ ಬಲ್ಬ್ ಹಾಕಿ, ಪರದೆಯಿಂದ ಮೂರ್ನಾಲ್ಕು ಅಡಿ ಹಿಂದೆ, ಆಡಿಸುವವರ ತಲೆಗಿಂತ ಎತ್ತರದಲ್ಲಿ. ಗೊಂಬೆ ಪರದೆಗೆ ಒತ್ತಿಕೊಂಡೇ ಇರಬೇಕು, ಒಂದು ಗೇಣು ಹಿಂದೆ ಸರಿದರೂ ಮಸುಕಾಗುತ್ತದೆ. ಪರದೆಗೆ ತೆಳುವಾದ ಬಿಳಿ ಧೋತರವನ್ನು ಸುಕ್ಕಿಲ್ಲದಂತೆ ನಾಲ್ಕೂ ಕಡೆ ಬಿಗಿದು ಕಟ್ಟಿ.

ತೊಗಲಿನ ಬದಲು ದಪ್ಪ ಡ್ರಾಯಿಂಗ್ ಹಾಳೆಗೆ ಬಣ್ಣ ಹಚ್ಚಿ ಒಣಗಿದ ಮೇಲೆ ಹಿಂಬದಿಗೆ ಕೊಬ್ಬರಿ ಎಣ್ಣೆ ಒರೆಸಿದರೆ ಬೆಳಕು ಹಾಯುತ್ತದೆ. ಬಣ್ಣ ನೀರಿನಂತೆ ತೆಳುವಾಗಿರಲಿ, ಪೋಸ್ಟರ್ ಕಲರ್ ದಪ್ಪಗೆ ಬಳಿದರೆ ಪರದೆಯ ಮೇಲೆ ಬರೀ ಕಪ್ಪು. ಒಡವೆ, ಸೀರೆಯ ಅಂಚುಗಳನ್ನು ಮೊಳೆಯಿಂದ ಚುಚ್ಚಿ ತೂತು ಮಾಡಿದರೆ ಅಲ್ಲಲ್ಲಿ ಬೆಳಕು ಮಿನುಗುತ್ತದೆ. ಭುಜ, ಮೊಣಕೈಗಳನ್ನು ದಾರದ ಗಂಟಿನಿಂದ ಸೇರಿಸಿ. ಗಂಟು ಬಿಗಿಯಾದರೆ ಕೈ ಆಡುವುದಿಲ್ಲ. ನಡುವೆ ಬಿದಿರಿನ ಸೀಳು ಕಟ್ಟಿ, ಅದು ಕುತ್ತಿಗೆಯ ಮೇಲಕ್ಕೂ ಹೋಗಲಿ, ಇಲ್ಲದಿದ್ದರೆ ತಲೆ ಜೋಲುತ್ತದೆ.

ನಿಮ್ಮ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದದ್ದು ಇದೇ ಕಲೆಗೆ. ಕಲೆಯನ್ನು ಬದುಕಾಗಿ ಉಳಿಸಿಕೊಂಡು ಬಂದ ಮನೆತನಗಳು ಸುತ್ತಮುತ್ತ ಇರುವಾಗ ಹಾಳೆಯ ಗೊಂಬೆಗೇ ನಿಲ್ಲಬೇಡಿ. ಒಬ್ಬ ಕಲಾವಿದರನ್ನು ಒಂದು ಶನಿವಾರ ಕರೆಸಿ. ಸಂಭಾವನೆ, ಬಸ್ ಚಾರ್ಜು, ಊಟ ಇವನ್ನು ಮೊದಲೇ ಎಸ್‌ಡಿಎಂಸಿಯಲ್ಲಿ ಮಾತಾಡಿ ಗೊತ್ತುಮಾಡಿ, ಆ ದಿನವೇ ಕೈಗೆ ಕೊಡಿ. ಶಾಲು ಹೊದಿಸಿ ಕಳಿಸಿದರೆ ಅವರ ಒಂದು ದಿನದ ದುಡಿಮೆ ಹೋದಂತೆ. ಹಾಡಿನ ಜೊತೆ ಗೊಂಬೆ ಹೆಜ್ಜೆ ಹಾಕುವುದನ್ನು ಮಕ್ಕಳು ಪರದೆಯ ಮುಂದೆ ಅರ್ಧ ಗಂಟೆ, ಹಿಂದೆ ಅರ್ಧ ಗಂಟೆ ನಿಂತು ನೋಡಲಿ, ಆಮೇಲೆ ತಮ್ಮ ಗೊಂಬೆ ಹಿಡಿಯಲಿ.